ಹದಿನಾಲ್ಕು ಶನಿವಾರಗಳು

ಮೆಲ್ಬರ್ನ್ ನಗರದ ಪಶ್ಚಿಮಕ್ಕೆ, ಸ್ಪಾಟ್ಸ್‌ವುಡ್‌ನಲ್ಲಿ, ಸೈನ್ಸ್‌ವರ್ಕ್ಸ್ ಎಂಬ ವಿಜ್ಞಾನ ಸಂಗ್ರಹಾಲಯವಿದೆ. ಅಲ್ಲಿ ಕಬ್ಬಿಣದ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುವ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಹೆಸರು ಸೈರ್ಯಾಕ್. 1949ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಮೊದಲ ಲೆಕ್ಕ ಮಾಡಿದ ಯಂತ್ರ ಅದು. 1955ರಲ್ಲಿ ಲಾರಿ ಹತ್ತಿ ಮೆಲ್ಬರ್ನಿಗೆ ಬಂತು, 1964ರವರೆಗೆ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ದುಡಿಯಿತು. ಸುಮಾರು 2000 ವಾಲ್ವುಗಳು, 7 ಟನ್ ತೂಕ. ಪಾದರಸ ತುಂಬಿದ ಕೊಳವೆಗಳೊಳಗೆ ಸದ್ದಿನ ಅಲೆಗಳಾಗಿ ಓಡಾಡುತ್ತಿದ್ದ ಅದರ ಮುಖ್ಯ ನೆನಪು 768 ಪದಗಳದ್ದು, ಪದಕ್ಕೆ 20 ಬಿಟ್. ಇವತ್ತಿನ ಲೆಕ್ಕದಲ್ಲಿ 2000 ಬೈಟ್ ಕೂಡ ಆಗುವುದಿಲ್ಲ. ನೀವೀಗ ಓದಿದ ಈ ಪ್ಯಾರಾ ಒಂದನ್ನೇ ಇಂದು ಕಂಪ್ಯೂಟರಿನಲ್ಲಿ ಕನ್ನಡವನ್ನು ಇಡುವ ರೀತಿಯಲ್ಲಿ ಇಡಲು ಹೋದರೆ ಅದರಲ್ಲಿ ಹಿಡಿಸುವುದಿಲ್ಲ.

ಆ ಯಂತ್ರವನ್ನು ರೂಪಿಸಿದವರಲ್ಲಿ ಮುಖ್ಯರು ಟ್ರೆವರ್ ಪಿಯರ್ಸಿ. ಯಂತ್ರ ಕೆಲಸ ಶುರುಮಾಡುವುದಕ್ಕೂ ಮುಂಚೆ, 1948ರಲ್ಲಿ, ಅವರು ಒಂದು ಲೇಖನ ಬರೆದರು. ದೇಶದ ಟೆಲಿಪ್ರಿಂಟರ್ ಇಲ್ಲವೇ ಟೆಲಿಫೋನ್ ಜಾಲದ ಮೂಲಕ ವಿಶ್ವಕೋಶದಂಥ ಒಂದು ಸೇವೆ ಮುಂದೊಂದು ದಿನ ತಂತಾನೇ ನಡೆಯುವಂತಾಗಬಹುದು ಎಂದು ಅದರಲ್ಲಿ ಊಹಿಸಿದರು. ಆ ಊಹೆ ನಿಜವಾಗಿದೆ. ಇವತ್ತು ನನ್ನ ಮಗಳು ಫೋನಿಗೆ ಬಾಯಲ್ಲಿ ಕೇಳುತ್ತಾಳೆ, ಅದು ಉತ್ತರ ಹೇಳುತ್ತದೆ. ಆದರೆ ಪಿಯರ್ಸಿಯವರ ಊಹೆಯೊಳಗೆ ಹೇಳದೆ ಬಿಟ್ಟ ಒಬ್ಬ ಮನುಷ್ಯನಿದ್ದಾನೆ: ತಂತಿಯ ಈ ತುದಿಯಲ್ಲಿ ಕುಳಿತು ಪ್ರಶ್ನೆ ಕೇಳುವವನು. ಸೇವೆ ಬಂದಿದೆ. ಕೇಳುವವನು ಎಲ್ಲಿ ಹೋದ ಎಂಬುದು ನನ್ನನ್ನು ಕಾಡುವ ವಿಷಯ.

ಸಿಡ್ನಿಯ ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿಗಳಲ್ಲಿ, ಮೆಲ್ಬರ್ನಿನ ಟಾರ್ನೀಟ್, ಪಾಯಿಂಟ್ ಕುಕ್‌ಗಳಲ್ಲಿ ಇರುವ ಕನ್ನಡದ ಮನೆಗಳಲ್ಲಿ ಬಹಳಷ್ಟು ಐಟಿ ಸಂಬಳದ ಮೇಲೆ ನಿಂತವು. ನಾಲ್ಕೈದು ವರ್ಷದ ಹಿಂದೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತರೆ ಮನೆಸಾಲದ ಬಡ್ಡಿ, ಸೆಲೆಕ್ಟಿವ್ ಶಾಲೆಯ ಪ್ರವೇಶ ಪರೀಕ್ಷೆ, ಊರಿಗೆ ಹೋಗುವ ಟಿಕೆಟ್ಟಿನ ದರ ಕಿವಿಗೆ ಬೀಳುತ್ತಿತ್ತು. ಈಗ ಬೀಳುವುದು ಎಐ. ಯಾವ ಮಾಡೆಲ್ ಬಂತು, ಯಾವ ಕೋರ್ಸು ಸೇರಿದೆ, ಯಾವ ಸರ್ಟಿಫಿಕೇಟ್ ಆಯಿತು. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಕೊಂಡಿ, ಮಧ್ಯಾಹ್ನ ಮೂರು, ರಾತ್ರಿ ಮಲಗುವ ಹೊತ್ತಿಗೆ ಇದನ್ನು ನೋಡದವರು ಹಿಂದುಳಿದರು ಎಂಬ ಎಚ್ಚರಿಕೆ.

ಟಾರ್ನೀಟ್‌ನಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಬೆಳಿಗ್ಗೆ ಸದರ್ನ್ ಕ್ರಾಸ್‌ಗೆ ಹೋಗುವ ವಿ-ಲೈನ್ ರೈಲಿನಲ್ಲಿ ಕುಳಿತು ಎಐ ಬಗೆಗಿನ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. ಸಂಜೆ ವಾಪಸು ಬರುವಾಗ ಅದೇ ಕೆಲಸ. ಆಮೇಲೆ ನೋಡಲೆಂದು ತೆಗೆದಿಟ್ಟದ್ದು 340 ದಾಟಿದೆ. ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿ, ‘ಅಕ್ಕಾ, ಎರಡು ವರ್ಷದಿಂದ ದಿನಾ ಏನಾದ್ರೂ ಓದ್ತಾನೇ ಇದೀನಿ. ಏನು ಕಲಿತೆ ಅಂತ ಯಾರಾದ್ರೂ ಕೇಳಿದ್ರೆ ಒಂದು ಮಾತು ಹೇಳೋಕೆ ಬರಲ್ಲ’ ಎಂದ. ದನಿ ಅಳುವವನ ಹಾಗಿತ್ತು.

ಹಿಂದುಳಿದರೆ ಕೆಲಸ ಹೋದೀತು ಎಂಬ ಇವನ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. 482 ಎಂಬ ವೀಸಾದಲ್ಲಿ ಬಂದವರ ಇರವು ಕೆಲಸ ಕೊಟ್ಟವರ ಮೇಲೆ ನಿಂತಿದೆ. ಕೆಲಸ ಹೋದರೆ ಮತ್ತೊಬ್ಬ ಪ್ರಾಯೋಜಕರನ್ನು ಹುಡುಕಿಕೊಳ್ಳಲು ಮೊದಲು 60 ದಿನವಿತ್ತು, 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ ಆಗಿದೆ. ಆರು ತಿಂಗಳೆಂದರೆ ಮಗುವಿನ ಶಾಲೆಯ ಎರಡು ಅವಧಿ. ಅಷ್ಟರೊಳಗೆ ಹೊಸ ಕೆಲಸ ಸಿಗದಿದ್ದರೆ ಬಾಡಿಗೆ ಮನೆ, ಕಾರು, ಮಗುವಿನ ಗೆಳೆಯರು ಎಲ್ಲವನ್ನೂ ಬಿಟ್ಟು ವಿಮಾನ ಹತ್ತಬೇಕಾದೀತು. ಈ ಲೆಕ್ಕ ತಲೆಯಲ್ಲಿರುವವನಿಗೆ ನಿಧಾನವಾಗಿ ಓದು ಎಂದು ಬುದ್ಧಿ ಹೇಳುವುದು ಸುಲಭ. ಹಾಗೆ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕಡಿಮೆ ನೋಡು, ಫೋನ್ ದೂರ ಇಡು, ಧ್ಯಾನ ಮಾಡು ಎನ್ನುವ ಸಲಹೆಗಳು ಒಳ್ಳೆಯವೇ. ಆದರೆ ಏನನ್ನು ಬಿಡಬೇಕು ಎಂದು ಅವು ಹೇಳುವುದಿಲ್ಲ. ಬಿಟ್ಟದ್ದರಲ್ಲೇ ತನಗೆ ಬೇಕಾದದ್ದು ಇದ್ದಿದ್ದರೆ ಎಂಬ ಅಳುಕು ಹಾಗೇ ಉಳಿಯುತ್ತದೆ. ಹೊರೆಗಿಂತ ಆ ಅಳುಕೇ ಹೆಚ್ಚು ಭಾರ.

ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಸಿಡ್ನಿ, ಮೆಲ್ಬರ್ನ್ ಎಂಬ ಇದೇ ಎರಡು ಊರುಗಳಲ್ಲಿ ಇದ್ದರು. ಅದೂ ಎಐ ಕ್ಷೇತ್ರದೊಳಗೇ. ಇದು ತಡವಾಗಿ ಗೊತ್ತಾದದ್ದಕ್ಕೆ ನನಗೆ ಬೇಸರವಿದೆ.

1986ರಲ್ಲಿ ಸಿಡ್ನಿಯ ಜೆ. ರಾಸ್ ಕ್ವಿನ್ಲನ್ ‘ಮಷೀನ್ ಲರ್ನಿಂಗ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆಗ ಅವರಿದ್ದದ್ದು ನ್ಯೂ ಸೌತ್ ವೇಲ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಈಗಿನ ಯುನಿವರ್ಸಿಟಿ ಆಫ್ ಟೆಕ್ನಾಲಜಿ ಸಿಡ್ನಿ, ಅಂದರೆ ಯುಟಿಎಸ್‌ನಲ್ಲಿ. ಕೊಟ್ಟ ಉದಾಹರಣೆಗಳನ್ನು ನೋಡಿ ಯಂತ್ರ ತಾನೇ ಒಂದು ನಿರ್ಣಯವೃಕ್ಷವನ್ನು, ಅಂದರೆ ಒಂದರ ಹಿಂದೊಂದು ಕೇಳಬೇಕಾದ ಪ್ರಶ್ನೆಗಳ ಮರವನ್ನು, ಹೇಗೆ ಕಟ್ಟಿಕೊಳ್ಳಬಹುದು ಎಂಬುದು ಅದರ ವಿಷಯ. ಅದರಲ್ಲಿ ಒಂದು ಪುಟ್ಟ ಕೋಷ್ಟಕವಿದೆ: 14 ಶನಿವಾರದ ಬೆಳಗುಗಳು. ಪ್ರತಿ ಬೆಳಗಿಗೂ ನಾಲ್ಕು ವಿವರ. ಆಕಾಶ ಹೇಗಿತ್ತು, ತಾಪ ಎಷ್ಟಿತ್ತು, ಗಾಳಿಯಲ್ಲಿ ತೇವ ಎಷ್ಟಿತ್ತು, ಗಾಳಿ ಬೀಸುತ್ತಿತ್ತೇ. ಕೊನೆಯಲ್ಲಿ ಹೌದು ಅಥವಾ ಅಲ್ಲ: ಆ ಬೆಳಗು ಯಾವುದೋ ಒಂದು ಚಟುವಟಿಕೆಗೆ ಹೊಂದುವಂತಿತ್ತೇ, ಇಲ್ಲವೇ. ಯಾವ ಚಟುವಟಿಕೆ ಎಂದು ಕ್ವಿನ್ಲನ್ ಹೇಳುವುದಿಲ್ಲ. 9 ಬೆಳಗಿಗೆ ಹೌದು, 5ಕ್ಕೆ ಅಲ್ಲ.

ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ 14 ಚೀಟಿ ಮಾಡಿದೆವು. ಒಂದೊಂದರ ಮೇಲೂ ನಾಲ್ಕು ವಿವರ ಬರೆದು, ಮೂಲೆಯಲ್ಲಿ ಹಸಿರು ಇಲ್ಲವೇ ಕೆಂಪು ಚುಕ್ಕೆ ಇಟ್ಟೆವು. ನಮ್ಮ ಚಟುವಟಿಕೆ ಪಾರ್ಕಿಗೆ ಹೋಗುವುದು ಎಂದುಕೊಂಡೆವು. ಯಾವ ಪ್ರಶ್ನೆ ಮೊದಲು ಕೇಳಬೇಕು? ಮಗಳು ತಾಪದಿಂದ ಶುರುಮಾಡಿದಳು. ಸಿಡ್ನಿಯ ಬೇಸಿಗೆ ಕಂಡ ಯಾರೇ ಆದರೂ ಅದನ್ನೇ ಕೇಳುತ್ತಿದ್ದರು. ಮೂರು ಗುಡ್ಡೆಯಾಯಿತು. ಸೆಕೆಯ ಗುಡ್ಡೆಯಲ್ಲಿ ಎರಡು ಹಸಿರು, ಎರಡು ಕೆಂಪು. ಹದವಾದ ದಿನಗಳಲ್ಲಿ ನಾಲ್ಕು ಹಸಿರು, ಎರಡು ಕೆಂಪು. ತಂಪಿನಲ್ಲಿ ಮೂರು ಹಸಿರು, ಒಂದು ಕೆಂಪು. ಯಾವ ಗುಡ್ಡೆಯೂ ಒಂದೇ ಬಣ್ಣದ್ದಾಗಲಿಲ್ಲ. ಪ್ರಶ್ನೆ ಕೇಳಿದ್ದಾಯಿತು, ಗೊಂದಲ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು.

ಚೀಟಿಗಳನ್ನು ಮತ್ತೆ ಒಟ್ಟು ಮಾಡಿ ಆಕಾಶದ ಪ್ರಶ್ನೆ ಕೇಳಿದೆವು. ಮೋಡ ಕವಿದ ನಾಲ್ಕು ದಿನಗಳೂ ಹಸಿರು. ಒಂದೇ ಏಟಿಗೆ ನಾಲ್ಕು ಚೀಟಿ ಮುಗಿದವು. ಬಿಸಿಲಿನ ಐದರಲ್ಲಿ ಎರಡು ಹಸಿರು, ಮೂರು ಕೆಂಪು. ಅಲ್ಲಿ ತೇವವೊಂದನ್ನು ಕೇಳಿದರೆ ಸಾಕು, ತೇವ ಹೆಚ್ಚಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಮಳೆಯ ಐದರಲ್ಲಿ ಗಾಳಿ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಮುಗಿಯಿತು. ಮಗಳು ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಅಮ್ಮಾ, ತಾಪ ಎಲ್ಲಿ ಹೋಯ್ತು?’

ಎಲ್ಲಿಗೂ ಹೋಗಿರಲಿಲ್ಲ. 14 ಚೀಟಿಯ ಮೇಲೂ ಅದನ್ನು ಅವಳೇ ಬರೆದಿದ್ದಳು. ಆದರೆ ಉತ್ತರಕ್ಕೆ ಅದರ ಅಗತ್ಯವೇ ಬೀಳಲಿಲ್ಲ. ನಾಲ್ಕು ವಿವರಗಳಲ್ಲಿ ಒಂದನ್ನು ಇಡಿಯಾಗಿ ಬಿಟ್ಟರೂ 14ರಲ್ಲಿ ಒಂದು ದಿನವೂ ತಪ್ಪಾಗಲಿಲ್ಲ.

ಇದರ ಹಿಂದಿನ ಅಳತೆಗೋಲು ಗಣಿತಜ್ಞ ಕ್ಲಾಡ್ ಶ್ಯಾನನ್ ಅವರದ್ದು, ಪಿಯರ್ಸಿ ತಮ್ಮ ಊಹೆಯನ್ನು ಬರೆದ 1948ರಲ್ಲೇ ಬಂದದ್ದು. ಶ್ಯಾನನ್ ಲೆಕ್ಕದಲ್ಲಿ ಮಾಹಿತಿಯೆಂದರೆ ಸಂಶಯ ಎಷ್ಟು ಕಡಿಮೆಯಾಯಿತು ಎಂಬುದರ ಅಳತೆ. 9 ಹಸಿರು 5 ಕೆಂಪು ಇರುವ ರಾಶಿಯ ಸಂಶಯ 0.940 ಬಿಟ್. ಆಕಾಶದ ಪ್ರಶ್ನೆ ಅದರಲ್ಲಿ 0.246 ಬಿಟ್ ಕಳೆಯುತ್ತದೆ. ತಾಪದ ಪ್ರಶ್ನೆ ಕಳೆಯುವುದು ಬರೀ 0.029. ಎರಡಕ್ಕೂ ಕೋಷ್ಟಕದಲ್ಲಿ ಒಂದೇ ಅಗಲದ ಅಂಕಣ, ಬರೆಯಲು ಅಷ್ಟೇ ಶಾಯಿ, ಓದಲು ಅಷ್ಟೇ ಹೊತ್ತು. ಬೆಲೆಯಲ್ಲಿ ಮಾತ್ರ ಎಂಟು ಪಟ್ಟಿಗೂ ಹೆಚ್ಚು ಅಂತರ.

ಹಾಗಾಗಿ ಮಾಹಿತಿಯ ಹೊರೆ ಎನ್ನುವ ಮಾತೇ ಅಳತೆ ತಪ್ಪಿದ ಮಾತು ಎಂದು ನನಗೆ ಅನ್ನಿಸುತ್ತದೆ. ನಮ್ಮ ಮೇಲೆ ಬಂದು ಬೀಳುತ್ತಿರುವುದರಲ್ಲಿ ಬಹುಪಾಲು, ನಮ್ಮ ಮಟ್ಟಿಗೆ, ಮಾಹಿತಿಯೇ ಅಲ್ಲ. ಅದು ನಮ್ಮ ಯಾವ ಸಂಶಯವನ್ನೂ ಕಡಿಮೆ ಮಾಡುವುದಿಲ್ಲ, ಯಾಕೆಂದರೆ ಇಂಥದ್ದೇ ಸಂಶಯ ಎಂದು ನಾವು ಇಟ್ಟುಕೊಂಡೇ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಕೊನೆಯ ಹಸಿರು-ಕೆಂಪು ಚುಕ್ಕೆಗಳು ಇಲ್ಲದಿದ್ದರೆ ಕ್ವಿನ್ಲನ್ ಅವರ ಯಂತ್ರ ಯಾವ ಅಂಕಣವನ್ನೂ ಬಿಡಲಾರದು. ಏನನ್ನು ತಿಳಿಯಬೇಕಾಗಿದೆ ಎಂದು ಗೊತ್ತಿದ್ದಾಗ ಮಾತ್ರ ಯಾವುದು ಬೇಡ ಎಂಬುದು ಗೊತ್ತಾಗುತ್ತದೆ. ತಮ್ಮನ 340 ವಿಡಿಯೋಗಳೂ ಒಂದೇ ತೂಕದವಾಗಿ ಅವನ ಎದೆಯ ಮೇಲೆ ಕುಳಿತಿದ್ದು ಇದರಿಂದಲೇ. ಅವನ ಚೀಟಿಗಳಿಗೆ ಚುಕ್ಕೆ ಇರಲಿಲ್ಲ. ಎಐ ಕಲಿಯಬೇಕು ಎನ್ನುವುದು ಚುಕ್ಕೆಯಾಗಲಾರದು. ಆಸ್ಪತ್ರೆಗೆ ಬರುವ ರೋಗಿಗಳ ಸರದಿ ಗೊತ್ತುಮಾಡುವ ಒಂದು ಮಾಡೆಲನ್ನು ಪರೀಕ್ಷಿಸಲು ನನಗೆ ಕೊಟ್ಟರೆ ಅದು ಯಾರಿಗೆ ಅನ್ಯಾಯ ಮಾಡುತ್ತಿದೆ ಎಂದು ಹೇಗೆ ಪತ್ತೆ ಮಾಡಲಿ, ಎನ್ನುವುದು ಚುಕ್ಕೆ. ಆ ಪ್ರಶ್ನೆ ಹಿಡಿದುಕೊಂಡು ಕುಳಿತರೆ 340ರಲ್ಲಿ ಎಷ್ಟು ಉಳಿಯುತ್ತವೆ ಎಂದು ಅವನನ್ನೇ ಎಣಿಸಲು ಹೇಳಿದೆ. ಮರುದಿನ ಸಂಜೆ ಫೋನ್ ಬಂತು: 11.

ಉಳಿದ ಹನ್ನೊಂದನ್ನು ಓದುವುದು ಹೇಗೆ? ಇದಕ್ಕೆ ಉತ್ತರ ಮೆಲ್ಬರ್ನಿನಲ್ಲಿದೆ. ಕ್ರಿಸ್ ವಾಲೇಸ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಿಂದ ಶುರುಮಾಡಿದವರು. ಸೈರ್ಯಾಕ್ ಹೋದ ದಾರಿಯಲ್ಲೇ ಅವರೂ 1968ರಲ್ಲಿ ಮೆಲ್ಬರ್ನಿಗೆ, ಮೊನಾಷ್ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ವರ್ಷ ಡೇವಿಡ್ ಬೌಲ್ಟನ್ ಜತೆ ಪ್ರಕಟಿಸಿದ ಪ್ರಬಂಧದಿಂದ ಬೆಳೆದ ಅವರ ತತ್ತ್ವವನ್ನು ಕನ್ನಡದಲ್ಲಿ ಕಿರುಸಂದೇಶದ ತತ್ತ್ವ ಎನ್ನಬಹುದು. ಸಿಡ್ನಿಯಲ್ಲಿ ಕುಳಿತ ನಾನು ಒಂದು ರಾಶಿ ಅಂಕಿ-ಅಂಶಗಳನ್ನು ಮೆಲ್ಬರ್ನಿಗೆ ತಂತಿಯಲ್ಲಿ ಕಳಿಸಬೇಕು, ಅಕ್ಷರಕ್ಕೆ ಇಷ್ಟು ದುಡ್ಡು ಎಂದುಕೊಳ್ಳಿ. ಇಡೀ ರಾಶಿಯನ್ನು ಹಾಗೇ ಕಳಿಸಬಹುದು. ಇಲ್ಲವೇ ರಾಶಿಯೊಳಗಿನ ನಿಯಮವನ್ನು ಕಂಡುಹಿಡಿದು, ಮೊದಲು ನಿಯಮ ಕಳಿಸಿ, ಆಮೇಲೆ ನಿಯಮ ವಿವರಿಸಲಾರದೆ ಉಳಿದದ್ದನ್ನು ಮಾತ್ರ ಕಳಿಸಬಹುದು. ಎರಡೂ ಸೇರಿಸಿದ ಉದ್ದ ಎಲ್ಲಕ್ಕಿಂತ ಕಡಿಮೆ ಇರುವ ವಿವರಣೆಯೇ ಉತ್ತಮ ವಿವರಣೆ. ನಿಯಮವನ್ನು ಅತಿಯಾಗಿ ಬೆಳೆಸಿದರೆ ಮೊದಲ ಭಾಗ ಉದ್ದವಾಗುತ್ತದೆ, ಅತಿಯಾಗಿ ಮೊಟಕು ಮಾಡಿದರೆ ಎರಡನೆಯದು.

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನಿಯಮ ಕಟ್ಟುವ ಈ ಕೆಲಸ ವಾರವಾರವೂ ನಡೆಯುತ್ತದೆ. ಇಲ್ಲೇ ಹುಟ್ಟಿದ ಏಳು ವರ್ಷದ ಹುಡುಗ ಮರದ ಎಲೆ, ಪುಸ್ತಕದ ಪುಟ, ಹಣದ ಚೀಲ ಎಂದು ಕಲಿತ. ಮುಂದಿನ ವಾರ ಬಂದು ‘ಅಜ್ಜದ ಮನೆ’ ಎಂದ. ಮಕ್ಕಳು ನಕ್ಕರು. ನನಗಾದದ್ದು ಆನಂದ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮೂರು ಉದಾಹರಣೆಯಿಂದ ಅವನೇ ನಿಯಮ ಕಟ್ಟಿಕೊಂಡಿದ್ದ. ಮನುಷ್ಯರಿಗಾದರೆ ಅಜ್ಜನ, ಅಕ್ಕನ ಎಂದು ತಿದ್ದಿದೆ. ನಿಯಮ ಒಂದು ಮಾತಿನಷ್ಟು ಉದ್ದವಾಯಿತು, ತಪ್ಪುಗಳ ಪಟ್ಟಿ ಗಿಡ್ಡವಾಯಿತು. ಊರು ಬಂದಾಗ ಊರಿನ ಆಗುತ್ತದೆ, ಅದನ್ನಿನ್ನೂ ಅವನಿಗೆ ಹೇಳಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮಾಡಿದ್ದೂ ಇದೇ ಕೆಲಸ, ಕನ್ನಡ ನುಡಿಯ ಅಪಾರ ಬಳಕೆಯನ್ನು ಸಣ್ಣ ಸಣ್ಣ ಸೂತ್ರಗಳಿಗೆ ಇಳಿಸುವುದು. ಸೂತ್ರಕ್ಕೆ ಬಗ್ಗದ ಪ್ರಯೋಗಗಳನ್ನು ವೈಯಾಕರಣರು ಬಚ್ಚಿಡುವುದಿಲ್ಲ, ಅಪವಾದ ಎಂದು ಹೆಸರು ಕೊಟ್ಟು ಪಕ್ಕದಲ್ಲೇ ಇಡುತ್ತಾರೆ.

ಈ ಎರಡನೆಯ ಭಾಗ, ಅಂದರೆ ನಿಯಮ ವಿವರಿಸದೆ ಉಳಿದದ್ದನ್ನು ಬರೆದಿಡುವುದು, ಇವತ್ತಿನ ಎಐ ಕಲಿಕೆಯಲ್ಲಿ ಪೂರ್ತಿ ಕಾಣೆಯಾಗಿದೆ ಎನ್ನುವುದು ನನ್ನ ಮುಖ್ಯ ದೂರು. ಓದಲು ಹೊತ್ತಿಲ್ಲದವರು ಈಗ ಎಐಗೇ ಹೇಳುತ್ತಾರೆ, ಈ ನಲವತ್ತು ಪುಟವನ್ನು ಐದು ಅಂಶಕ್ಕೆ ಇಳಿಸಿಕೊಡು ಎಂದು. ಅದು ಇಳಿಸಿಕೊಡುತ್ತದೆ. ಐದು ಅಂಶವೂ ಸರಿಯಾಗಿಯೇ ಇರಬಹುದು. ಆದರೆ ಅದು ಸಂದೇಶದ ಮೊದಲ ಭಾಗ ಮಾತ್ರ. ಏನನ್ನು ಕೈಬಿಟ್ಟೆ, ಯಾಕೆ ಕೈಬಿಟ್ಟೆ, ಮೂಲದಲ್ಲಿ ಎಲ್ಲಿ ಈ ಅಂಶಗಳು ನಿಲ್ಲುವುದಿಲ್ಲ ಎಂಬುದು ಅದರಲ್ಲಿ ಇರುವುದಿಲ್ಲ. ಅಲ್ಲದೆ ಅದು ಕತ್ತರಿಸಿದ್ದು ನಮ್ಮ ಪ್ರಶ್ನೆಗೆ ತಕ್ಕಂತೆ ಅಲ್ಲ, ಸಾಮಾನ್ಯ ಓದುಗ ಎಂಬ ಯಾರೋ ಒಬ್ಬನಿಗಾಗಿ. ನನ್ನ ಪ್ರಶ್ನೆಗೆ ಬೇಕಾದ ಆಕಾಶದ ಅಂಕಣವನ್ನೇ ಅದು ಬಿಟ್ಟು ತಾಪದ ಅಂಕಣ ಉಳಿಸಿಕೊಟ್ಟಿದ್ದರೆ ನನಗೆ ಹೇಗೆ ತಿಳಿಯಬೇಕು? ಸಾರಾಂಶವನ್ನು ಓದಬೇಡಿ ಎನ್ನುತ್ತಿಲ್ಲ, ನಾನೂ ಓದುತ್ತೇನೆ. ನನ್ನ ಪ್ರಶ್ನೆಯನ್ನು ಮೊದಲು ಬರೆದು, ಈ ಪ್ರಶ್ನೆಗೆ ಈ ಬರಹದಲ್ಲಿ ಏನಿದೆ, ಏನಿಲ್ಲ ಎಂದು ಕೇಳುತ್ತೇನೆ. ಬಂದ ಉತ್ತರವನ್ನು ಹಿಡಿದು ಮೂಲದ ಎರಡು ಪುಟವನ್ನಾದರೂ ನಾನೇ ತೆರೆದು ನೋಡುತ್ತೇನೆ.

ಬಿಡುವುದರಲ್ಲಿ ತಪ್ಪೂ ಆಗುತ್ತದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಸೈರ್ಯಾಕ್ ಹುಟ್ಟಿದ ಸಿಡ್ನಿಯ ರೇಡಿಯೊಫಿಸಿಕ್ಸ್ ಪ್ರಯೋಗಾಲಯದ ಮುಂದೆ 1950ರ ದಶಕದಲ್ಲಿ ಇಂಥದ್ದೇ ಆಯ್ಕೆ ಇತ್ತು. ಇದ್ದ ಹಣ, ಇದ್ದ ಜನರಲ್ಲಿ ಕಂಪ್ಯೂಟರ್ ಬೆಳೆಸಬೇಕೇ, ಆಕಾಶದ ರೇಡಿಯೊ ಅಲೆಗಳನ್ನು ಕೇಳಬೇಕೇ, ಮೋಡ ಬಿತ್ತಿ ಮಳೆ ತರಿಸಬೇಕೇ? ಅವರು ನಕ್ಷತ್ರ ಮತ್ತು ಮೋಡಗಳನ್ನು ಆರಿಸಿಕೊಂಡರು, ಕಂಪ್ಯೂಟರನ್ನು ಬಿಟ್ಟುಕೊಟ್ಟರು. ಮೊದಲ ಆಯ್ಕೆಯಿಂದ 1961ರಲ್ಲಿ ಪಾರ್ಕ್ಸ್ ರೇಡಿಯೊ ದೂರದರ್ಶಕ ಬಂತು, ಜಗತ್ತಿನ ಖಗೋಳ ವಿಜ್ಞಾನಕ್ಕೆ ಅದೊಂದು ದೊಡ್ಡ ಕೊಡುಗೆ. ಕಂಪ್ಯೂಟರಿನಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿದ್ದ ದೇಶ ಆ ಸಾಲಿನಿಂದ ಹಿಂದೆ ಸರಿಯಿತು. ಅವರು ತಪ್ಪು ಮಾಡಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವರು ಆರಿಸಿದರು, ಬಿಟ್ಟದ್ದು ಯಾವುದೆಂದು ಅವರಿಗೆ ಗೊತ್ತಿತ್ತು. ಎಲ್ಲವನ್ನೂ ಕಾಲು ಭಾಗ ಮಾಡಿದ್ದರೆ ಪಾರ್ಕ್ಸ್ ಕೂಡ ಇರುತ್ತಿರಲಿಲ್ಲ.

ಎಐ ಬಗ್ಗೆ ಒಬ್ಬ ನಾಗರಿಕ ನಿಜವಾಗಿ ತಿಳಿದಿರಲೇಬೇಕಾದದ್ದು ಯಾವುದು ಎಂದು ಯೋಚಿಸುವಾಗ ನನಗೆ ಈ ದೇಶದ್ದೇ ಒಂದು ಪ್ರಕರಣ ನೆನಪಾಗುತ್ತದೆ. ಜನರ ಬಾಯಲ್ಲಿ ಅದರ ಹೆಸರು ರೋಬೊಡೆಟ್. 2015ರಿಂದ ಆಸ್ಟ್ರೇಲಿಯಾ ಸರ್ಕಾರ ಸೆಂಟರ್‌ಲಿಂಕ್ ಎಂಬ ತನ್ನ ಕಚೇರಿಯಿಂದ ಭತ್ಯೆ ಪಡೆದವರ ಮೇಲೆ ಯಾಂತ್ರಿಕವಾಗಿ ಸಾಲ ಹೊರಿಸತೊಡಗಿತು. ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ತೆಗೆದುಕೊಂಡು ವರ್ಷದ ಎರಡೆರಡು ವಾರದ 26 ಅವಧಿಗಳಿಗೆ ಸಮನಾಗಿ ಹಂಚಿಬಿಡುತ್ತಿದ್ದರು. ಒಬ್ಬ ವಿದ್ಯಾರ್ಥಿನಿ ವರ್ಷದ ಮೊದಲರ್ಧದಲ್ಲಿ ಎರಡು ವಾರಕ್ಕೆ 1000 ಡಾಲರಿನಂತೆ ದುಡಿದು 13,000 ಗಳಿಸಿದಳು, ಉಳಿದರ್ಧದಲ್ಲಿ ಕೆಲಸವಿಲ್ಲದೆ ಭತ್ಯೆ ತೆಗೆದುಕೊಂಡಳು ಎಂದುಕೊಳ್ಳಿ. ಲೆಕ್ಕ 13,000ವನ್ನು 26ರಿಂದ ಭಾಗಿಸಿ, ಪ್ರತಿ ಎರಡು ವಾರಕ್ಕೂ ನೀನು 500 ಗಳಿಸುತ್ತಿದ್ದೆ, ಭತ್ಯೆ ಪಡೆದಾಗಲೂ ಗಳಿಸುತ್ತಿದ್ದೆ, ಆದ್ದರಿಂದ ವಾಪಸು ಕೊಡು ಎನ್ನುತ್ತದೆ. ಅವಳು ಮೋಸ ಮಾಡಿರಲಿಲ್ಲ. ಲಕ್ಷಾಂತರ ಜನರ ಮೇಲೆ ಇಂಥ ಸಾಲ ಬಿತ್ತು. 2019ರಲ್ಲಿ ನ್ಯಾಯಾಲಯದಲ್ಲಿ ಈ ಪದ್ಧತಿ ಊರ್ಜಿತವಾಗಲಿಲ್ಲ. ಕ್ಯಾಥರೀನ್ ಹೋಮ್ಸ್ ನೇತೃತ್ವದ ರಾಯಲ್ ಕಮಿಷನ್ 2023ರ ಜುಲೈ 7ರಂದು ವರದಿ ಕೊಟ್ಟಿತು. ಇಂಥ ಸಾಲ ಬಿದ್ದ ಮೇಲೆ ಜೀವ ಕಳೆದುಕೊಂಡವರ ತಾಯಂದಿರು ಅದರ ಮುಂದೆ ಸಾಕ್ಷಿ ಹೇಳಿದ್ದರು.

ಇದರಲ್ಲಿ ಎಐ ಇರಲೇ ಇಲ್ಲ. ಇದ್ದದ್ದು ಐದನೆಯ ತರಗತಿಯ ಸರಾಸರಿ ಲೆಕ್ಕ. ಈ ಅನ್ಯಾಯವನ್ನು ಗುರುತಿಸಲು ಯಾವ ಹೊಸ ಮಾಡೆಲಿನ ಸುದ್ದಿಯೂ ಬೇಕಿರಲಿಲ್ಲ. ವಾರವಾರ ಏರಿಳಿಯುವ ಆದಾಯವನ್ನು ಸರಾಸರಿ ಮುಚ್ಚಿಬಿಡುತ್ತದೆ ಎಂದು ತಿಳಿದಿದ್ದು, ಈ ಅಂಕಿ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯವಿದ್ದರೆ ಸಾಕಿತ್ತು. ಲೆಕ್ಕ ಮಾಡುವ ಯಂತ್ರ ಎಷ್ಟೇ ದೊಡ್ಡದಾದರೂ ಕೇಳಬೇಕಾದದ್ದು ಬದಲಾಗುವುದಿಲ್ಲ: ಯಾವ ಅಂಕಿ ಒಳಗೆ ಹೋಯಿತು, ಯಾವುದನ್ನು ಕೈಬಿಟ್ಟರು, ತಪ್ಪಿದಾಗ ಯಾರ ಮೇಲೆ ಬೀಳುತ್ತದೆ, ತಿದ್ದಲು ಯಾರ ಬಾಗಿಲು ತಟ್ಟಬೇಕು. ಹೊಸ ಸುದ್ದಿಗಳ ಗದ್ದಲದ ನಿಜವಾದ ನಷ್ಟ ನನ್ನ ಪ್ರಕಾರ ಇಲ್ಲಿದೆ. ಸಮಯ ಹಾಳಾಗುವುದು ಅದರಲ್ಲಿ ಸಣ್ಣ ಪಾಲು. ದಣಿದ ಮನುಷ್ಯ ಈ ಹಳೆಯ ಪ್ರಶ್ನೆಗಳನ್ನು ಕೇಳುವುದನ್ನೇ ಬಿಡುತ್ತಾನೆ, ಇದೆಲ್ಲ ನನಗೆ ಅರ್ಥವಾಗುವಂಥದ್ದಲ್ಲ ಎಂದು ಒಪ್ಪಿಕೊಂಡುಬಿಡುತ್ತಾನೆ.

ಕ್ಷೇತ್ರ ಇಷ್ಟು ವೇಗವಾಗಿ ಓಡುತ್ತಿರುವಾಗ ಇಷ್ಟು ನಿಧಾನವಾಗಿ ಆರಿಸುತ್ತ ಕೂತರೆ ನಡೆಯುತ್ತದೆಯೇ ಎಂದು ತಮ್ಮ ಕೇಳಿದ. ಓಡುತ್ತಿರುವುದು ಏನು ಎಂದು ನೋಡಬೇಕು. ನರಜಾಲಗಳನ್ನು ತಿದ್ದುವ ಬ್ಯಾಕ್‌ಪ್ರೊಪಗೇಷನ್ ವಿಧಾನವನ್ನು ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಜಗತ್ತಿಗೆ ವ್ಯಾಪಕವಾಗಿ ಪರಿಚಯಿಸಿದ ಪ್ರಸಿದ್ಧ ಪ್ರಬಂಧ ಬಂದದ್ದು 1986ರಲ್ಲಿ, ಕ್ವಿನ್ಲನ್ ತಮ್ಮ ಶನಿವಾರಗಳನ್ನು ಪ್ರಕಟಿಸಿದ ವರ್ಷದಲ್ಲೇ. ಇವತ್ತಿನ ಭಾಷಾ ಮಾಡೆಲುಗಳ ಬುನಾದಿಯಾದ ಟ್ರಾನ್ಸ್‌ಫಾರ್ಮರ್ 2017ರದ್ದು. ಮುಂದಿನ ಅಕ್ಷರ ಯಾವುದೆಂದು ಊಹಿಸುವ ಆಟವನ್ನು ಶ್ಯಾನನ್ 1951ರಲ್ಲೇ ಆಡಿಸಿ ಲೆಕ್ಕ ಹಾಕಿದ್ದರು. ‘ಅಮ್ಮ ಅಡುಗೆ ಮಾ’ ಎಂದು ಬರೆದು ಕೈಯಿಂದ ಮುಚ್ಚಿದರೆ ನಮ್ಮ ತರಗತಿಯ ಮಕ್ಕಳು ‘ಡಿದಳು’, ‘ಡುತ್ತಾಳೆ’ ಎಂದು ಕೂಗುತ್ತಾರೆ. ‘ವಿನಕಾಯಿ’ ಎಂದವನನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಈ ಆಟವನ್ನು ಚೆನ್ನಾಗಿ ಆಡಿದ ಮಗುವಿಗೆ ಭಾಷಾ ಮಾಡೆಲ್ ಎಂದರೇನು ಎಂಬುದರ ತಿರುಳು ಸಿಕ್ಕಿದೆ. ಬೇರು ಹಳೆಯದು, ನಿಧಾನವಾಗಿ ಬೆಳೆಯುವಂಥದ್ದು. ವಾರವಾರ ಉದುರುತ್ತಿರುವುದು ಎಲೆ. ಕೆಲಸಕ್ಕಾಗಿ ಕೆಲವು ಎಲೆಗಳನ್ನೂ ತಿಳಿದಿರಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಸಂದರ್ಶನದಲ್ಲಿ ಹೊಸ ಉಪಕರಣದ ಹೆಸರು ಕೇಳುತ್ತಾರೆ. ಆದರೆ ಬೇರು ಗೊತ್ತಿದ್ದವನಿಗೆ ಹೊಸ ಉಪಕರಣ ಕಲಿಯಲು ವಾರ ಸಾಕು.

ಈಗ ಮೂರು ತಿಂಗಳಿನಿಂದ ನಾಲ್ಕು ಮನೆಯವರು ಎರಡು ವಾರಕ್ಕೊಮ್ಮೆ ಶನಿವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ತಮ್ಮ ಟಾರ್ನೀಟ್‌ನಿಂದ ವಿಡಿಯೋದಲ್ಲಿ ಬರುತ್ತಾನೆ. ಒಬ್ಬೊಬ್ಬರೂ ಒಂದು ಪ್ರಶ್ನೆ ತರಬೇಕು, ಆ ಎರಡು ವಾರದಲ್ಲಿ ಯಾವುದನ್ನು ಓದದೆ ಬಿಟ್ಟೆ ಎಂದೂ ಹೇಳಬೇಕು. ಬಿಟ್ಟದ್ದನ್ನು ನಾಲ್ಕು ಜನರ ಎದುರು ಹೇಳಿದ ಮೇಲೆ ಅದು ಕಾಡುವುದಿಲ್ಲ. ಹಾಗೆ ಬಿಟ್ಟದ್ದು ಮುಂದೆಂದಾದರೂ ಬೇಕಾದರೆ ಎಲ್ಲಿದೆ ಎಂದು ಗೊತ್ತಿರುತ್ತದೆ.

ಹೋದ ಸಲ ಗೆಳತಿಯೊಬ್ಬಳ ತಾಯಿ ಜತೆಗೆ ಬಂದಿದ್ದರು. ಅಣ್ಣಿಗೇರಿ ಕಡೆಯವರು, ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ಬಂದವರು. ನಾವು ಮಾತಾಡುತ್ತಿದ್ದುದನ್ನು ಒಂದು ಗಂಟೆ ಸುಮ್ಮನೆ ಕೇಳಿದರು. ಆಮೇಲೆ ಮಗಳ ಫೋನ್ ತೆಗೆದುಕೊಂಡು ಅದಕ್ಕೆ ತಮ್ಮ ಮಾತಿನಲ್ಲಿ ಏನೋ ಕೇಳಿದರು. ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಉತ್ತರ ಬಂತು. ಅವರು ಫೋನನ್ನು ಮೇಜಿನ ಮೇಲಿಟ್ಟು ನಮ್ಮನ್ನು ನೋಡಿದರು. ‘ಅಲ್ರೀ, ಇದಕ್ಕ ಕನ್ನಡ ಯಾರು ಕಲಿಸ್ಯಾರ? ನಮ್ಮ ಕಡೆ ಮಂದಿನ್ನ ಯಾಕ ಕೇಳಿಲ್ಲ?’

ಆ ದಿನಕ್ಕೆಂದು ತಂದಿದ್ದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟೆವು. ಈ ಒಂದು ಪ್ರಶ್ನೆ ಹಿಡಿದು ಎಳೆದರೆ ಏನೇನು ಬರುತ್ತದೆ ನೋಡಿ. ಮಾಡೆಲುಗಳು ಕಲಿಯುವುದು ಬರೆದಿಟ್ಟ ಪಠ್ಯದಿಂದ. ಕನ್ನಡದಲ್ಲಿ ಹೊಲದ ಮಾತು, ಸಂತೆಯ ಮಾತು ಬರಹಕ್ಕೆ ಇಳಿದದ್ದು ಕಡಿಮೆ. ಇಳಿದದ್ದನ್ನೂ ಯಂತ್ರ ಬಹಳ ಸಣ್ಣ ಚೂರುಗಳಾಗಿ ಓದುತ್ತದೆ. ಕಂಪ್ಯೂಟರಿಗೆ ‘ಅಮ್ಮ’ ಎಂದರೆ ಅ, ಮ, ಸ್ವರವನ್ನು ಕಳೆಯುವ ಒಂದು ಹಲಂತ ಚಿಹ್ನೆ, ಮತ್ತೆ ಮ. ಯುನಿಕೋಡ್‌ನಲ್ಲಿ ನಾಲ್ಕು ಗುರುತು, ಸಾಮಾನ್ಯ ಬಳಕೆಯ ಯುಟಿಎಫ್-8ರಲ್ಲಿ ಗುರುತಿಗೆ 3ರಂತೆ 12 ಬೈಟ್. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 4. ಹೆಚ್ಚಾಗಿ ಇಂಗ್ಲಿಷ್ ಪಠ್ಯ ನೋಡಿ ಕತ್ತರಿಸಲು ಕಲಿತ ಯಂತ್ರಕ್ಕೆ ಕನ್ನಡದ ಒಂದು ವಾಕ್ಯ ಇಂಗ್ಲಿಷಿನ ವಾಕ್ಯಕ್ಕಿಂತ ಎಷ್ಟೋ ಹೆಚ್ಚು ತುಣುಕು, ಅಂದರೆ ಟೋಕನ್. ತುಣುಕು ಹೆಚ್ಚಾದರೆ ಖರ್ಚು ಹೆಚ್ಚು. ಪಠ್ಯ, ಟೋಕನ್, ದರ, ತರಬೇತಿ, ಪಕ್ಷಪಾತ: ನನ್ನ ತಮ್ಮ ಎರಡು ವರ್ಷ ಬಿಡಿಬಿಡಿಯಾಗಿ ನೋಡಿ ಮರೆತಿದ್ದ ಐದು ಪಾಠ, ಆ ಮಧ್ಯಾಹ್ನ ಒಂದೇ ದಾರದಲ್ಲಿ ಬಂದವು. ವಿಡಿಯೋದಲ್ಲಿ ಅವನು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು.

ಮುಂದಿನ ಶನಿವಾರಕ್ಕೆ ಆ ತಾಯಿ ತಮ್ಮ ಕಡೆಯ ಹತ್ತು ಮಾತು ಬರೆದುಕೊಂಡು ಬರುತ್ತೇನೆ ಎಂದಿದ್ದಾರೆ. ಯಂತ್ರಕ್ಕೆ ಒಂದೊಂದಾಗಿ ಕೇಳಿ, ಗೊತ್ತಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುವುದು ಮಗಳ ಕೆಲಸ, ಚೀಟಿ ಕತ್ತರಿಸಿ ಇಟ್ಟಿದ್ದಾಳೆ. ಬೇಸಾಯದ ನಾಲ್ಕು ಮಾತನ್ನು ಅವರು ಹೊರಡುವಾಗಲೇ ಬಾಗಿಲಲ್ಲಿ ನಿಂತು ಹೇಳಿ ಹೋದರು: ಕೂರಿಗಿ, ಕುಂಟಿ, ಗಳೇವು, ಹಗೇವು.